ನಿಂತರೆ ಕಾಯುತ್ತೆ, ಓಡಿದರೆ ತಣ್ಣಗಾಗುತ್ತೆ: ಕಾರಿನ ಬಿಸಿ ಹುಡುಕಿದ ಮೂರು ಭಾನುವಾರ

ದೋಷ ಏನು ಅಂತ ಮೊದಲು ಹೇಳಿಬಿಡುತ್ತೇನೆ. ರಸ್ತೆ ಖಾಲಿ ಇದ್ದು ಗಾಡಿ ಓಡುತ್ತಿದ್ದರೆ ಟೆಂಪರೇಚರ್ ಮುಳ್ಳು ಅರ್ಧಕ್ಕೆ ನಿಂತು ಅಲ್ಲಾಡುವುದೇ ಇಲ್ಲ. ಸಿಗ್ನಲ್‌ನಲ್ಲೋ ಮಾರ್ಕೆಟ್‌ನಲ್ಲೋ ನಾಲ್ಕೈದು ನಿಮಿಷ ನಿಂತರೆ ಮೆಲ್ಲಗೆ ಮೇಲೆ ಹತ್ತುತ್ತೆ. ಎಸಿ ಹಾಕಿದ್ದರೆ ಇನ್ನೂ ಬೇಗ. ಮತ್ತೆ ಗಾಡಿ ಓಡತೊಡಗಿದರೆ ಇಳಿಯುತ್ತೆ.

ನನ್ನದು ಹಳೆಯ ಸಣ್ಣ ಪೆಟ್ರೋಲ್ ಕಾರು, ಕೆಎ 32. ಆರ್‌ಸಿಯಲ್ಲಿ ಊರಿನ ಹೆಸರು ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಅಂದರೆ ಊರಿನ ಹೆಸರು ಕಲಬುರಗಿ ಆದ 2014ರ ನವೆಂಬರ್ 1ಕ್ಕಿಂತ ಮುಂಚಿನ ಗಾಡಿ ಅಂತ ಲೆಕ್ಕ. ಇಷ್ಟು ವಯಸ್ಸಾದ ಕಾರಿಗೆ ಏನೇ ಆದರೂ ಜನ ಹೇಳುವುದು ಒಂದೇ ಮಾತು, ಮಾರಿಬಿಡಿ. ಆದರೆ ನನಗೆ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಲ್ಲುವ ಚಟ ಇದೆ. ಈ ಬರಹ ಆ ಚಟದ ಫಲ. ನನಗೆ ಎರಡು ಭಾನುವಾರ ದಂಡವಾಯಿತು, ಮೂರನೆಯದರಲ್ಲಿ ದೋಷ ಸಿಕ್ಕಿತು. ನಿಮಗೆ ಒಂದರಲ್ಲೇ ಸಿಗಲಿ ಅಂತ ಬರೆಯುತ್ತಿದ್ದೇನೆ.

ಹೊಗೆ ಬಂದ ದಿನ

ಮೇ ತಿಂಗಳು. ಮದುವೆಯ ಬಟ್ಟೆ ತರಲು ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋಗಿದ್ದೆವು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಆವತ್ತೂ ಅಂಥದ್ದೇ ಬಿಸಿಲು. ಮುಂದೆ ಟಂಟಂ, ಪಕ್ಕದಲ್ಲಿ ಕಲ್ಲಂಗಡಿ ಬಂಡಿ, ಹಿಂದೆ ಹಾರ್ನ್. ನಾನು ಮುಳ್ಳು ನೋಡುವ ಮೊದಲೇ ಕಲ್ಲಂಗಡಿ ಮಾರುವ ಹುಡುಗ ನೋಡಿಬಿಟ್ಟ.

“ಅಣ್ಣಾರ, ಗಾಡಿ ಹೊಗಿ ಬಿಡ್ಲತಾದ ನೋಡ್ರಿ!”

ಬದಿಗೆ ಹಚ್ಚಿ ಇಳಿಯುವಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ಒಬ್ಬರು ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಬಂದರು. ಅವರ ಕೈ ಹಿಡಿದು ನಿಲ್ಲಿಸಿದ್ದೊಂದೇ ಆವತ್ತು ನಾನು ಮಾಡಿದ ಸರಿಯಾದ ಕೆಲಸ.

ಯಾಕೆ ಅಂದರೆ, ಆ ಮುಚ್ಚಳ ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ವಾಲ್ವ್. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತೆ. ಕುಕ್ಕರ್‌ನ ಹಾಗೆಯೇ. ಒತ್ತಡ ಇರುವುದರಿಂದ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತೆ, 0.9ರ ಮುಚ್ಚಳವಿದ್ದರೆ ಸುಮಾರು 118 ಡಿಗ್ರಿಯವರೆಗೂ. ಮುಚ್ಚಳ ತಿರುವಿದ ಕ್ಷಣ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತೆ. ಸೀಟಿ ಹೊಡೆಯುತ್ತಿರುವ ಕುಕ್ಕರ್ ಮುಚ್ಚಳ ಯಾರಾದರೂ ತೆಗೆಯುತ್ತಾರಾ?

ರಸ್ತೆಯಲ್ಲಿ ಹೀಗಾದರೆ ಮಾಡಬೇಕಾದ್ದು ಸ್ವಲ್ಪವೇ. ಮುಳ್ಳು ಏರುತ್ತಿದೆ, ಇನ್ನೂ ಕೆಂಪು ಮುಟ್ಟಿಲ್ಲ ಅಂದರೆ ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿ. ಮೇ ತಿಂಗಳಲ್ಲಿ ಹೀಟರಾ ಅಂತ ಮನೆಯವರು ಬೈಯುತ್ತಾರೆ, ಬೈಯಲಿ. ಹೀಟರ್ ಅನ್ನುವುದು ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಚಿಕ್ಕ ರೇಡಿಯೇಟರ್. ಇಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಿ ಹೊರಗೆ ಹೋಗುತ್ತೆ. ಕೆಂಪು ಮುಟ್ಟಿದ್ದರೆ ಅಥವಾ ಹಬೆ ಬಂದಿದ್ದರೆ ನೆರಳು ಹುಡುಕುತ್ತಾ ಹೋಗಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ಕಾಯ್ದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಮೇಲಿನ ದಪ್ಪ ರಬ್ಬರ್ ಪೈಪು ಕೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗುವ ತನಕ ಮುಚ್ಚಳದ ಸುದ್ದಿಗೆ ಹೋಗಬೇಡಿ. ನಮ್ಮ ಬಿಸಿಲಿನಲ್ಲಿ ಅದಕ್ಕೆ ಒಂದು ತಾಸು ಬೇಕು. ನಾವು ಆ ಒಂದು ತಾಸಿನಲ್ಲಿ ಅರ್ಧ ಕಲ್ಲಂಗಡಿ ಮುಗಿಸಿದೆವು.

ಪಾನಾ ಹಿಡಿಯುವ ಮೊದಲು

ಇಂಜಿನ್ ಕಾಯುತ್ತೆ ಅನ್ನುವುದು ಜ್ವರ ಬಂದಿದೆ ಅಂದ ಹಾಗೆ. ಅದು ರೋಗದ ಹೆಸರಲ್ಲ. ಯಾವಾಗ ಕಾಯುತ್ತೆ ಅಂತ ಕೇಳಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ನಿಂತಾಗ ಮಾತ್ರ ಕಾಯುತ್ತೆ, ಓಡಿದರೆ ಇಳಿಯುತ್ತೆ ಅಂದರೆ ದೋಷ ಗಾಳಿಯ ಕಡೆ ಇದೆ. ಗಾಡಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗೆ ಮಾಡುತ್ತೆ, ಫ್ಯಾನ್‌ಗೆ ಕೆಲಸವೇ ಇಲ್ಲ. ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ಅನುಮಾನ ಮೊದಲು ಫ್ಯಾನ್ ಮೇಲೆ, ಆಮೇಲೆ ಗಾಳಿಯ ದಾರಿ ಕಟ್ಟಿಕೊಂಡಿದೆಯಾ ಅನ್ನುವುದರ ಮೇಲೆ.

ಇದಕ್ಕೆ ಉಲ್ಟಾ, ಸೇಡಂ ರಸ್ತೆಯಲ್ಲಿ ಎಂಬತ್ತರ ಸ್ಪೀಡಿನಲ್ಲಿ ಹೋಗುವಾಗಲೂ ಏರುತ್ತೆ ಅಂದರೆ ದೋಷ ನೀರಿನ ಕಡೆ ಇದೆ. ಕೂಲಂಟ್ (ಇಂಜಿನ್ ತಣ್ಣಗಿಡಲು ಒಳಗೆ ಸುತ್ತುವ ದ್ರವ) ಕಡಿಮೆ ಆಗಿರಬಹುದು, ರೇಡಿಯೇಟರ್ ಒಳಗೆ ಕಟ್ಟಿರಬಹುದು, ವಾಟರ್ ಪಂಪ್ ಸೋತಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದೆ ಇರಬಹುದು.

ಇನ್ನೊಂದು ಕೆಟ್ಟ ಸುದ್ದಿಯ ಗುರುತು ಇದೆ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತೆ, ನಿಲ್ಲುವುದೇ ಇಲ್ಲ. ಕೂಲಂಟ್ ಎಲ್ಲೂ ಸೋರದೆ ಕಡಿಮೆ ಆಗುತ್ತೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಹಾಲು ಜಾಸ್ತಿಯಾದ ಚಹಾದ ಬಣ್ಣದ ಜಿಡ್ಡು. ಇವು ಒಟ್ಟಿಗೆ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಸೀಲು) ಹೋಗಿದೆ ಅಂತಲೇ ಅಂದುಕೊಳ್ಳಿ. ಅದು ಮನೆ ಅಂಗಳದ ಕೆಲಸವಲ್ಲ. ಗಾಡಿ ಓಡಿಸದೆ ಎಳೆಸಿಕೊಂಡು ಹೋಗಿ ಮೆಕ್ಯಾನಿಕ್‌ಗೆ ಒಪ್ಪಿಸಿ, ಈ ಬರಹವನ್ನೂ ಇಲ್ಲಿಗೇ ಬಿಡಿ.

ನನ್ನ ಗಾಡಿಯ ಲಕ್ಷಣ ಮೊದಲನೆಯದು. ಸ್ಪಷ್ಟವಾಗಿ ಗಾಳಿಯ ಕಡೆಯದು. ಇದನ್ನು ಇಷ್ಟು ಸಲೀಸಾಗಿ ಈಗ ಬರೆಯುತ್ತಿದ್ದೇನೆ. ಆಗ ನಾನು ಮಾಡಿದ್ದೇನು ಗೊತ್ತಾ?

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊದಲ ಭಾನುವಾರ ಥರ್ಮೋಸ್ಟಾಟ್ ಬಿಚ್ಚಿದೆ. ಪರಿಚಯದ ಮಿಸ್ತ್ರಿ ಒಬ್ಬರು ಹೇಳಿದ್ದರು, “ಥರ್ಮೋಸ್ಟಾಟ್ ತೆಗದು ಒಗೀರಿ ಸರ್. ನಮ್ಮ ಕಡಿ ಬಿಸಲಿಗಿ ಅದು ಯಾಕ ಬೇಕು?”

ಈ ಮಾತು ನಮ್ಮ ಭಾಗದಲ್ಲಿ ನೀವೂ ಕೇಳಿರುತ್ತೀರಿ. ಕೇಳಬೇಡಿ. ಥರ್ಮೋಸ್ಟಾಟ್ ಒಂದು ಚಿಕ್ಕ ಬಾಗಿಲು. ಒಳಗೆ ಮೇಣ ಇರುತ್ತೆ, ಬಿಸಿಗೆ ಮೇಣ ಹಿಗ್ಗಿ ಬಾಗಿಲು ತೆಗೆಯುತ್ತೆ. ನನ್ನದರ ಮೇಲೆ 82 ಅಂತ ಒತ್ತಿತ್ತು, ಅಂದರೆ 82 ಡಿಗ್ರಿಗೆ ತೆರೆಯಲು ಶುರು. ಅಲ್ಲಿಯ ತನಕ ನೀರು ಇಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತೆ. ಅದನ್ನು ತೆಗೆದು ಒಗೆದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ಇನ್ನೊಂದು ತಮಾಷೆ ಇದೆ. ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಒಳದಾರಿಯನ್ನು ಮುಚ್ಚುತ್ತೆ. ತೆಗೆದುಬಿಟ್ಟರೆ ಆ ಒಳದಾರಿ ಸದಾ ತೆರೆದೇ ಇರುತ್ತೆ, ಬಿಸಿನೀರಿನಲ್ಲಿ ಒಂದಿಷ್ಟು ರೇಡಿಯೇಟರ್ ಕಡೆ ಹೋಗುವುದೇ ಇಲ್ಲ. ಬಿಸಿ ಇಳಿಸಲು ಹೋಗಿ ಬಿಸಿ ಏರಿಸಿದ ಹಾಗೆ.

ನಾನು ಒಗೆಯಲಿಲ್ಲ, ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳ ಮುಟ್ಟದ ಹಾಗೆ ತಂತಿಯಲ್ಲಿ ಇಳಿಬಿಟ್ಟು, ಗ್ಯಾಸ್ ಮೇಲೆ ಕಾಯಿಸಿದೆ. ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ ಹಿತ್ತಾಳೆಯ ಬಾಗಿಲು ಸದ್ದಿಲ್ಲದೆ ಮೇಲೆದ್ದಿತು. ಅದನ್ನು ನೋಡುವುದೇ ಒಂದು ಖುಷಿ. ನಾನು ಎರಡು ಸಲ ತಣ್ಣಗೆ ಮಾಡಿ ಎರಡು ಸಲ ನೋಡಿದೆ. ಅಷ್ಟರಲ್ಲಿ ಅವ್ವ ಬಂದಳು.

“ತಮ್ಮಾ, ಅನ್ನ ಮಾಡೋ ಬೋಗಾಣ್ಯಾಗ ಏನ್ ಕುದಸ್ಲತ್ತಿಯೋ?”

ಅವ್ವ ಹೇಳಿದ್ದು ಸರಿ. ಕೂಲಂಟ್‌ನಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ. ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ಹಳೆಯ ಡಬ್ಬಿ ತೆಗೆದುಕೊಳ್ಳಿ. ಆ ಬೋಗಾಣಿ ಈಗ ನನ್ನ ಪಾನಾಗಳ ಜೊತೆ ಇದೆ, ಹೊಸದು ತಂದುಕೊಟ್ಟಿದ್ದೇನೆ. ಇಂಜಿನ್‌ನಿಂದ ಇಳಿಸಿದ ಕೂಲಂಟನ್ನೂ ಅಂಗಳಕ್ಕೋ ಚರಂಡಿಗೋ ಚೆಲ್ಲಬೇಡಿ. ಕ್ಯಾನಿನಲ್ಲಿ ಹಿಡಿದಿಟ್ಟು, ಹಳೆ ಆಯಿಲ್ ಕೂಡಿಡುವ ಗ್ಯಾರೇಜ್‌ಗೆ ಕೊಡಿ.

ಥರ್ಮೋಸ್ಟಾಟ್ ಚೆನ್ನಾಗಿಯೇ ಇತ್ತು. ಆದರೂ ಬಿಚ್ಚಿದ್ದೇನಲ್ಲ ಅಂತ ಹೊಸದು ಹಾಕಿದೆ, ಕೂಲಂಟ್ ಪೂರ್ತಿ ಬದಲಿಸಿದೆ. ಮುಳ್ಳು ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಅಂದರೆ ಇದೇ.

ಒಂದು ಲಾಭ ಆಯಿತು. ರೇಡಿಯೇಟರ್ ಬಾಯಿಯ ಸುತ್ತ ಬಿಳಿ ಸುಣ್ಣದ ಪದರ ಕಂಡಿತು. ನಮ್ಮ ಜಿಲ್ಲೆಯ ಹಲವು ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು. ಅದಕ್ಕೇ ಸೇಡಂ, ಮಳಖೇಡ, ವಾಡಿ ಕಡೆ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿ. ಮನೆಯ ನೆಲಕ್ಕೆ ಹಾಕುವ ಶಹಾಬಾದ ಫರ್ಸಿಯೂ ಅದೇ ಕಲ್ಲು. ಆ ಕಲ್ಲಿನೊಳಗಿಂದ ಬರುವ ಬೋರಿನ ನೀರು ಕಾಯ್ದರೆ ಸುಣ್ಣ ಕೆಳಗೆ ಕೂರುತ್ತೆ. ಗೀಜರ್ ಕಾಯಿಲ್ ಮೇಲೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ನೋಡಿರುತ್ತೀರಿ. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಆಗುತ್ತೆ. “ಸುಮ್ನೆ ನಳದ ನೀರು ಹಾಕ್ರಿ, ಏನಾಗಲ್ಲ” ಅನ್ನುವವರ ಮಾತು ಕೇಳಿ ನಾನೇ ಹಿಂದೆ ಎರಡು ಮೂರು ಬೇಸಿಗೆ ಬೋರಿನ ನೀರು ಸುರಿದಿದ್ದೆ. ಈಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ರೆಡಿ ಮಿಕ್ಸ್ ತಂದರೆ ಮತ್ತೆ ನೀರು ಬೆರೆಸುವ ಹಾಗಿಲ್ಲ, ಡಬ್ಬಿ ಓದಿ. ಹಸಿರು, ಕೆಂಪು, ನೀಲಿ ಅಂತ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೂ ಗುಣಕ್ಕೂ ನೇಮಕವಾದ ಸಂಬಂಧ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವ ಬಗೆಯದು ಅಂತ ಬರೆದಿದೆಯೋ ಅದು.

ಫ್ಯಾನ್ ಕಡೆಗೆ

ಎರಡನೆಯ ಭಾನುವಾರ ಬುದ್ಧಿ ಬಂತು. ಅಂಗಳದಲ್ಲಿ ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು ಫ್ಯಾನ್ ಮುಂದೆ ಕೂತೆ. ಮುಳ್ಳು ಅರ್ಧ ದಾಟಿತು. ಫ್ಯಾನ್ ಮಿಸುಕಲಿಲ್ಲ. ಇಷ್ಟು ನೋಡಲು ಹತ್ತು ನಿಮಿಷ ಸಾಕಿತ್ತು. ನಾನು ಒಂದು ವಾರ ತಡ ಮಾಡಿದ್ದೆ.

ಇಲ್ಲೊಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿಯೇ ತಿರುಗುತ್ತೆ. ಅದರ ರೆಕ್ಕೆಗಳ ನಡುವೆ ಬೆರಳು ಹಾಕುವುದಿದ್ದರೆ ಬ್ಯಾಟರಿಯ ಮೈನಸ್ ಬಿಚ್ಚಿಯೇ ಹಾಕಿ.

ಫ್ಯಾನ್ ತಿರುಗದಿದ್ದರೆ ದೋಷ ಎರಡರಲ್ಲಿ ಒಂದು ಕಡೆ. ಫ್ಯಾನ್‌ಗೆ ಹುಕುಂ ಹೋಗುತ್ತಿಲ್ಲ, ಇಲ್ಲವೇ ಹುಕುಂ ಹೋದರೂ ಕರೆಂಟ್ ಮುಟ್ಟುತ್ತಿಲ್ಲ. ಬೇರ್ಪಡಿಸುವುದು ಸುಲಭ. ಎಸಿ ಹಾಕಿದರೆ ಬಹಳಷ್ಟು ಗಾಡಿಗಳಲ್ಲಿ ಫ್ಯಾನ್ ಕೂಡಲೇ ಓಡಬೇಕು. ಎಸಿಗೆ ಓಡಿ, ಬಿಸಿಗೆ ಮಾತ್ರ ಓಡದಿದ್ದರೆ ಮೋಟರ್ ಚೆನ್ನಾಗಿದೆ, ಸೆನ್ಸರ್ ಅಥವಾ ಅದರ ವೈರ್ ನೋಡಿ. ಎರಡು ಫ್ಯಾನ್ ಇರುವ ಗಾಡಿಯಲ್ಲಿ ಯಾವುದು ಓಡುತ್ತಿದೆ ಅಂತ ಕಣ್ಣಾರೆ ನೋಡಿ ಹೇಳಿ, ಸದ್ದು ಕೇಳಿ ಅಲ್ಲ. ನನ್ನದರಲ್ಲಿ ಒಂದೇ ಫ್ಯಾನ್. ಎಸಿ ಹಾಕಿದಾಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ರಿಲೇ (ಸಣ್ಣ ಹುಕುಮಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್) “ಟಕ್” ಅಂದಿತು. ಫ್ಯಾನ್ ತಿರುಗಲಿಲ್ಲ. ಹುಕುಂ ಬಂದಿದೆ, ಕರೆಂಟ್ ಬಂದಿಲ್ಲ.

ಫ್ಯೂಸ್ ತೆಗೆದು ನೋಡಿದೆ, 30 ಆಂಪಿಯರ್‌ನದು, ತಂತಿ ಗಟ್ಟಿ ಇತ್ತು. ರಿಲೇ ಟಕ್ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ. ಒಳಗಿನ ಬಿಂದು ಸುಟ್ಟಿದ್ದರೂ ಸದ್ದು ಬರುತ್ತೆ. ಹಾರ್ನ್ ರಿಲೇ ಮೇಲೆಯೂ ಅದೇ ನಂಬರ್ ಇತ್ತು, ಎರಡನ್ನೂ ಅದಲು ಬದಲು ಮಾಡಿದೆ. ಹಾರ್ನ್ ಜೋರಾಗಿ ಹೊಡೆಯಿತು, ಫ್ಯಾನ್ ಸುಮ್ಮನಿತ್ತು. ಹಾಗಾದರೆ ರಿಲೇ ಸರಿ.

ಆಮೇಲೆ ಮಲ್ಟಿಮೀಟರ್ ತಂದೆ. ಫ್ಯಾನ್ ಸಾಕೆಟ್ ಬಿಚ್ಚಿ, ಎಸಿ ಹಾಕಿಸಿ, ಎರಡು ಪಿನ್‌ಗೂ ಮೀಟರಿನ ಮುಳ್ಳು ಹಚ್ಚಿದೆ. 12.3 ವೋಲ್ಟ್! ಕರೆಂಟ್ ಪೂರ್ತಿ ಬರುತ್ತಿದೆ, ಮೋಟರ್ ಸತ್ತಿದೆ ಅಂತ ತೀರ್ಪು ಕೊಟ್ಟುಬಿಟ್ಟೆ. ಮರುದಿನ ಗುಜರಿಯಲ್ಲಿ ಹುಡುಕಿ ಹಳೆಯ ಫ್ಯಾನ್ ಮೋಟರ್ ತಂದೆ. ಅಂಗಡಿಯವರು ಅಲ್ಲೇ ಬ್ಯಾಟರಿಗೆ ಹಚ್ಚಿ ಗರ್ರನೆ ತಿರುಗಿಸಿ ತೋರಿಸಿದರು. ಮನೆಗೆ ತಂದು, ಗೆಣ್ಣಿನ ಚರ್ಮ ಎರಡು ಕಡೆ ಕಿತ್ತುಕೊಂಡು, ಕೂಡಿಸಿ, ಕೀ ತಿರುವಿ ಎಸಿ ಹಾಕಿದೆ.

ಟಕ್. ಅಷ್ಟೇ.

ಆ ರಾತ್ರಿ ಊಟಕ್ಕೆ ಕೂತಾಗಲೂ ರೊಟ್ಟಿ ಮುರಿಯುತ್ತಾ ವೈರಿಂಗ್ ಬಗ್ಗೆಯೇ ಯೋಚಿಸುತ್ತಿದ್ದೆ. ಹೆಂಡತಿ ಕೇಳಿದಳು, “ಹಳೀ ಮೋಟರ್ ಖರೇನೇ ಕೆಟ್ಟಿತ್ತೇನ್ರಿ? ಅಂಗಡ್ಯಾಂವ ಹಚ್ಚಿ ತೋರ್ಸಿದ್ನಲ್ಲ, ಹಂಗ ಹಚ್ಚಿ ನೋಡಿದ್ರಾ?”

ನೋಡಿರಲಿಲ್ಲ. ರೊಟ್ಟಿ ಬಿಟ್ಟೆದ್ದು ಹೋಗಿ ಎರಡು ವೈರಿನಲ್ಲಿ ಹಳೆ ಮೋಟರನ್ನು ಬ್ಯಾಟರಿಗೆ ಹಚ್ಚಿದೆ. ಹೊಸದರ ಹಾಗೆ ತಿರುಗಿತು.

ಮೀಟರ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆ ತಪ್ಪು

ಈ ಭಾಗವನ್ನು ನಿಧಾನವಾಗಿ ಓದಿ. ಬಲ್ಬ್, ಹಾರ್ನ್, ಸ್ಟಾರ್ಟರ್, ಪವರ್ ವಿಂಡೋ ಎಲ್ಲದಕ್ಕೂ ಇದು ಅನ್ವಯಿಸುತ್ತೆ.

ಮಲ್ಟಿಮೀಟರ್ ವೋಲ್ಟೇಜ್ ನೋಡುವಾಗ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ಹರಿದಿದ್ದರೂ, ಜಾಯಿಂಟಿನಲ್ಲಿ ಪೂರ್ತಿ ಜಂಗು ಹಿಡಿದಿದ್ದರೂ ಅದು 12 ವೋಲ್ಟ್ ಅಂತಲೇ ತೋರಿಸುತ್ತೆ. ಫ್ಯಾನ್‌ಗೆ ಹತ್ತು ಆಂಪಿಯರ್ ಆಸುಪಾಸು ಬೇಕು. ಆ ಭಾರ ಬಿದ್ದ ಕೂಡಲೇ ಜಂಗು ಹಿಡಿದ ಜಾಗದಲ್ಲೇ ವೋಲ್ಟೇಜ್ ಎಲ್ಲಾ ತಿಂದುಹೋಗುತ್ತೆ. ನಳದ ಪೈಪಿಗೆ ಬೆರಳು ಅಡ್ಡ ಇಟ್ಟು ಸೂಜಿಯಷ್ಟು ಸಂದಿ ಬಿಟ್ಟರೆ ಒತ್ತಡ ಇದ್ದ ಹಾಗೇ ಅನ್ನಿಸುತ್ತೆ. ಕೊಡ ಮಾತ್ರ ತುಂಬುವುದಿಲ್ಲ.

ಹಾಗಾಗಿ ಪರೀಕ್ಷೆ ಭಾರ ಕೊಟ್ಟೇ ಮಾಡಬೇಕು. ಅಗ್ಗದ ದಾರಿ, ಬ್ರೇಕ್ ಲೈಟಿನ 21 ವಾಟ್ ಬಲ್ಬ್. ಅದಕ್ಕೆ ಎರಡು ವೈರ್ ಕಟ್ಟಿ ಫ್ಯಾನ್ ಸಾಕೆಟ್ಟಿಗೆ ಹಚ್ಚಿ. ಕಣ್ಣು ಕುಕ್ಕುವ ಹಾಗೆ ಉರಿಯಬೇಕು. ನನ್ನದು ಸಂಜೆಯ ಎಣ್ಣೆ ದೀಪದ ಹಾಗೆ ಮಂಕಾಗಿ ಉರಿಯಿತು. ಇನ್ನು ಅನುಮಾನವೇ ಇಲ್ಲ, ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಪ್ಲಸ್ ಕಡೆಯೋ, ಮೈನಸ್ ಕಡೆಯೋ?

ಮೂರನೆಯ ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದೆ. ಬಿಸಿಲು ಏರಿದ ಮೇಲೆ ಬಾನೆಟ್ ಕೆಳಗೆ ಕೈ ಇಡಲು ಆಗುವುದಿಲ್ಲ. ಇಂಜಿನ್ ತಣ್ಣಗಿತ್ತು. ಇಂಜಿನ್ ಚಾಲೂ ಮಾಡದೆ ಫ್ಯಾನ್‌ಗೆ ಕರೆಂಟ್ ಕೊಡಲು ಒಂದು ಉಪಾಯ ಇದೆ. ರಿಲೇ ಕೆಳಗೆ 30, 87, 85, 86 ಅಂತ ನಂಬರ್ ಇರುತ್ತವೆ. 85 ಮತ್ತು 86 ಹುಕುಮಿನ ಪಿನ್‌ಗಳು. 30 ಮತ್ತು 87 ಕರೆಂಟ್ ಹೋಗುವ ಪಿನ್‌ಗಳು. ರಿಲೇ ಕಿತ್ತು, ಸಾಕೆಟ್‌ನಲ್ಲಿ 30 ಮತ್ತು 87ರ ತೂತುಗಳಿಗೆ ಒಂದು ದಪ್ಪ ವೈರ್ ತುಂಡು ಹಾಕಿದರೆ ಫ್ಯಾನ್ ನೇರವಾಗಿ ಓಡಬೇಕು. ಕೀ ಹಾಕಬೇಕಾ ಬೇಡವಾ ಅನ್ನುವುದು ಗಾಡಿಯ ಮೇಲೆ. ತೂತು ಯಾವುದು ಅಂತ ಎರಡು ಸಲ ನೋಡಿ. ತಪ್ಪು ತೂತಿಗೆ ಹಾಕಿದರೆ ಫ್ಯೂಸ್ ಹೋಗುತ್ತೆ, ಕೆಲವು ಗಾಡಿಗಳಲ್ಲಿ ಅದಕ್ಕಿಂತ ದುಬಾರಿಯದೂ ಹೋಗುತ್ತೆ.

ಫ್ಯಾನ್ ಸಾಕೆಟ್ ಮತ್ತೆ ಕೂಡಿಸಿ ವೈರ್ ತುಂಡು ಹಾಕಿದೆ. ಫ್ಯಾನ್ ತಿರುಗಲಿಲ್ಲ, ನಿರೀಕ್ಷಿಸಿದ್ದೇ. ಈಗ ಮೀಟರನ್ನು 20 ವೋಲ್ಟ್‌ಗೆ ಇಟ್ಟು, ಕಪ್ಪು ಮುಳ್ಳು ಬ್ಯಾಟರಿಯ ಮೈನಸ್‌ಗೆ, ಕೆಂಪು ಮುಳ್ಳನ್ನು ಫ್ಯಾನ್ ಸಾಕೆಟ್ಟಿನ ಹಿಂಭಾಗದಿಂದ ಕಪ್ಪು ವೈರಿಗೆ ಚುಚ್ಚಿದೆ. ಎರಡೂ ಮೈನಸ್ಸೇ ಅಲ್ವಾ, ಹಾಗಾದರೆ ಸೊನ್ನೆ ಬರಬೇಕು. 0.2ರ ತನಕ ಬಂದರೂ ಚಿಂತೆ ಇಲ್ಲ. ಬಂದದ್ದು 10.8.

ಆ ಅಂಕಿ ನೋಡಿ ಒಬ್ಬನೇ ನಕ್ಕುಬಿಟ್ಟೆ. ಬ್ಯಾಟರಿಯ ಹನ್ನೆರಡು ಚಿಲ್ಲರೆ ವೋಲ್ಟಿನಲ್ಲಿ ಹತ್ತೂವರೆಗಿಂತ ಜಾಸ್ತಿ ಅರ್ಥಿಂಗ್ ದಾರಿಯಲ್ಲೇ ಹೋಗುತ್ತಿದೆ. ಫ್ಯಾನ್ ಪಾಲಿಗೆ ಉಳಿದದ್ದು ಒಂದೂವರೆ.

ಆ ಕಪ್ಪು ವೈರನ್ನು ಬೆರಳಿನಿಂದ ಸವರುತ್ತಾ ಹಿಂಬಾಲಿಸಿದೆ. ಟೇಪ್ ಸುತ್ತಿದ ವೈರುಗಳ ಗೊಂಚಲಿನಲ್ಲಿ ಹೋಗಿ, ಬ್ಯಾಟರಿ ಟ್ರೇ ಕೆಳಗೆ ಮಾಯವಾಯಿತು. ಬ್ಯಾಟರಿ ಎತ್ತಿ, ಟ್ರೇ ಬಿಚ್ಚಿದೆ. ಅಲ್ಲಿತ್ತು. 10 ನಂಬರ್ ತಲೆಯ ಒಂದು ಬೋಲ್ಟ್, ಅದರ ಕೆಳಗೆ ಉಂಗುರದಂಥ ತುದಿ. ಗುರುತೇ ಸಿಗದ ಹಾಗೆ ಬಿಳಿ, ಹಸಿರು ಪುಡಿ ಮೆತ್ತಿಕೊಂಡಿತ್ತು, ಹಬ್ಬಕ್ಕೆ ಮಾಡಿದ ಉಂಡೆಗೆ ಬೂಸ್ಟು ಬಂದ ಹಾಗೆ. ಸ್ವಲ್ಪ ಹೊತ್ತಿನ ಹಿಂದೆ ಕರೆಂಟ್ ಹೋಗಿದ್ದಕ್ಕೆ ಬೋಲ್ಟ್ ಇನ್ನೂ ಬೆಚ್ಚಗಿತ್ತು. ಫ್ಯಾನ್ ತಿರುಗಿಸಬೇಕಾದ ಶಕ್ತಿ ಅಲ್ಲಿ ಕೂತು ಕಬ್ಬಿಣ ಕಾಯಿಸುತ್ತಿತ್ತು.

ಅದು ಯಾಕೆ ಹಾಗಾಯಿತು ಅಂತ ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಬೇಸಿಗೆಯಲ್ಲಿ ಬ್ಯಾಟರಿ ನೀರು ಬೇಗ ಆರುತ್ತೆ ಅಂತ ನಾನು ಪ್ರತಿ ತಿಂಗಳು ಗೆರೆಗಿಂತ ಮೇಲೆ ಬರುವಷ್ಟು ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದೆ. ಚಾರ್ಜ್ ಆಗುವಾಗ ಅದು ಆಸಿಡ್ ಜೊತೆ ಉಕ್ಕಿ, ಟ್ರೇ ತೂತಿನಿಂದ ನೇರವಾಗಿ ಈ ಬೋಲ್ಟ್ ಮೇಲೆ ತೊಟ್ಟಿಕ್ಕುತ್ತಿತ್ತು. ಗೆರೆ ಇರುವುದು ಸುಮ್ನೆ ಅಲ್ಲ.

ರಿಪೇರಿ, ಮತ್ತೆ ಕಳೆದುಹೋದ ಬೋಲ್ಟ್

ಕೆಲಸ ಸಣ್ಣದು. ತಿನ್ನುವ ಸೋಡಾ ನೀರಿನಲ್ಲಿ ಕಲಸಿ ಆ ಪುಡಿಯ ಮೇಲೆ ಹಾಕಿದರೆ ಬುಸುಬುಸು ನೊರೆ ಬರುತ್ತೆ, ಆಸಿಡ್ ಸಾಯುತ್ತೆ. ಕಣ್ಣಿಗೆ ಕನ್ನಡಕ ಇರಲಿ. ಸೋಡಾ ನೀರು ಬ್ಯಾಟರಿಯ ತೂತುಗಳ ಒಳಗೆ ಹೋಗಬಾರದು. ಒರೆಸಿ ಒಣಗಿಸಿ, ಉಂಗುರದ ಎರಡೂ ಮುಖ, ಬೋಲ್ಟ್ ಕೂರುವ ಬಾಡಿಯ ಜಾಗ, ಮೂರನ್ನೂ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಹೊಳೆಯುವ ಬರಿ ಲೋಹ ಕಾಣಬೇಕು. ಪೇಂಟ್ ಮೇಲೆ ಬಿಗಿದರೆ ಅರ್ಥಿಂಗ್ ಆಗುವುದಿಲ್ಲ. ಮೊದಲು ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ಸವರಿ. ಕ್ರಮ ಉಲ್ಟಾ ಆಗಬಾರದು.

ಬಿಗಿಯುವಾಗ ಬೋಲ್ಟ್ ಕೈಜಾರಿತು. ಟಿಣ್, ಟಿಣ್ ಅಂತ ಎರಡು ಸದ್ದು, ಆಮೇಲೆ ನಿಶ್ಶಬ್ದ. ಮೂರನೇ ಸದ್ದು ಬರಲಿಲ್ಲ, ಅಂದರೆ ನೆಲಕ್ಕೆ ಬಿದ್ದಿಲ್ಲ, ಚಾಸಿಯ ಯಾವುದೋ ಮೂಲೆಯಲ್ಲಿ ಕೂತಿದೆ. ಈ ಕೆಲಸ ಮಾಡುವವರಿಗೆಲ್ಲ ಈ ನಿಶ್ಶಬ್ದ ಗೊತ್ತು. ಮಗನ ಹಾಳಾದ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಸಿದ ಹಾಗೆ ಇಳಿಸಿ, ಅರ್ಧ ತಾಸು ಮೀನು ಹಿಡಿದೆ. ಮೊದಲ ಸಲ ಬಂದದ್ದು ಬೇರೆ ಯಾವುದೋ ಕಾಲದ ವಾಷರ್. ಎರಡನೆಯ ಸಲ ಬೋಲ್ಟ್. ಅದು ಮ್ಯಾಗ್ನೆಟ್ಟಿಗೆ ಟಕ್ ಅಂತ ಅಂಟಿದ ಸದ್ದು ಆವತ್ತಿನ ಎರಡನೆಯ ದೊಡ್ಡ ಖುಷಿ. ನೀವು ಕೆಲಸ ಶುರು ಮಾಡುವ ಮೊದಲೇ ಗಾಡಿ ಕೆಳಗೆ ಹಳೆ ಸೀರೆ ಹಾಸಿ, ಬಿಚ್ಚುವ ಮೊದಲು ಎಲ್ಲದರ ಫೋಟೋ ತೆಗೆದಿಡಿ.

ಬ್ಯಾಟರಿ ಕೂಡಿಸಿ ಮತ್ತೆ ಅದೇ ಅಳತೆ. 0.06 ವೋಲ್ಟ್. ಫ್ಯಾನ್ ಎಷ್ಟು ಜೋರಾಗಿ ತಿರುಗಿತು ಅಂದರೆ ಬೇವಿನ ಗಿಡದ ಒಣ ಎಲೆ ಎಲ್ಲಾ ಎದ್ದು ಮುಖಕ್ಕೆ ಬಂದವು.

ಇನ್ನೂ ಸ್ವಲ್ಪ ಬಾಕಿ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಎಸಿ ಇಲ್ಲದೆ ಎಲ್ಲಾ ಸರಿ ಇತ್ತು. ಎಸಿ ಹಾಕಿ ನಿಂತರೆ ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ ಹೋಗಿ ನಿಲ್ಲುತ್ತಿತ್ತು. ಅಪಾಯ ಏನಲ್ಲ. ಆದರೆ ಒಮ್ಮೆ ಕಣ್ಣಿಗೆ ಬಿದ್ದರೆ ಮನಸ್ಸು ಕೇಳುವುದಿಲ್ಲ.

ಕತ್ತಲಾದ ಮೇಲೆ ರೇಡಿಯೇಟರ್ ಹಿಂದೆ ಟಾರ್ಚ್ ಇಟ್ಟು ಮುಂದಿನಿಂದ ನೋಡಿದೆ. ಬೆಳಕು ಜರಡಿಯ ಹಾಗೆ ಎಲ್ಲಾ ಕಡೆ ದಾಟಿ ಬರಬೇಕು. ಕೆಳಗಿನ ಅರ್ಧ ಪೂರ್ತಿ ಕಪ್ಪು. ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ, ನಡುವೆ ಎರಡು ಬೆರಳಿನ ಸಂದಿ. ಹೊರಗಿನಿಂದ ಎಷ್ಟು ತೊಳೆದರೂ ಕಸ ಹೋಗಿ ಕೂರುವುದು ಆ ಸಂದಿಯಲ್ಲಿ.

ಮೇಲಿನ ಎರಡು ಬೋಲ್ಟ್ ಸಡಿಲ ಮಾಡಿ ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಇಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನ ಮೆತ್ತನೆಯ ನೀರು ಬಿಟ್ಟೆ. ವಾಷಿಂಗ್ ಸೆಂಟರಿನ ಜೋರು ಪ್ರೆಷರ್ ಬೇಡ, ರೇಡಿಯೇಟರಿನ ತೆಳು ಪದರಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚುತ್ತೆ. ಮೊದಲು ಕೆಂಪು ನೀರು, ಆಮೇಲೆ ಕಪ್ಪು ನೀರು, ಆಮೇಲೆ ಉಂಡೆ ಉಂಡೆ ಹೊಟ್ಟು. ಬೆರಳಲ್ಲಿ ಉಜ್ಜಿ ನೋಡಿದೆ. ತೊಗರಿ ಹೊಟ್ಟು! ತೊಗರಿ ರಾಶಿಯ ದಿನಗಳಲ್ಲಿ ಗಂಜ್ ಕಡೆ ಓಡಾಡಿದ್ದು, ಹೊಲದ ದಾರಿಯಲ್ಲಿ ರಾಶಿ ಯಂತ್ರದ ಪಕ್ಕದಲ್ಲೇ ಗಾಡಿ ನಿಲ್ಲಿಸಿದ್ದು, ಎಲ್ಲಾ ಅಲ್ಲಿ ಜಮಾ ಆಗಿತ್ತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನನ್ನ ರೇಡಿಯೇಟರ್‌ಗೂ ಅದರಲ್ಲಿ ಒಂದು ಪಾಲು ಬರಬೇಕು. ನಮ್ಮ ಕಡೆಯವರು ರಾಶಿ ಮುಗಿದ ಮೇಲೆ, ಶಿವರಾತ್ರಿ ಹೊತ್ತಿಗೆ, ಒಮ್ಮೆ ಹೀಗೆ ತೊಳೆದುಬಿಟ್ಟರೆ ಬೇಸಿಗೆ ಸಲೀಸು.

ಮರುದಿನ ಬೇಕಂತಲೇ ಸಂಜೆ ನಾಲ್ಕಕ್ಕೆ ಸೂಪರ್ ಮಾರ್ಕೆಟ್‌ಗೆ ಹೋದೆವು. ಮುಂದೆ ಟಂಟಂ, ಪಕ್ಕದಲ್ಲಿ ಬಂಡಿ, ಹಿಂದೆ ಹಾರ್ನ್. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಕಿವಿ ಬಾನೆಟ್ ಕಡೆ ಇಟ್ಟು ಕೂತೆ. ಮುಳ್ಳು ಏರಿತು, ಅರ್ಧಕ್ಕೆ ಬಂತು, ಇನ್ನೊಂದು ಕೂದಲು. ಟಕ್. ಆಮೇಲೆ ಗರ್ರನೆ ಗಾಳಿ. ಒಂದು ನಿಮಿಷಕ್ಕೆ ಫ್ಯಾನ್ ತಾನೇ ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಟಕ್. ನಾನು ಮೂರನೆಯ ಸಲಕ್ಕೆ ಕಾಯುತ್ತಿದ್ದೆ.

“ಆಯ್ತಲ್ರಿ ಕೇಳಿದ್ದು,” ಅಂದಳು ಹೆಂಡತಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ. “ಇನ್ನರ ಎಸಿ ಹಾಕ್ರಿ.”